ಕೂನೂರಿನ ತಕ್ಕಡಿಯಲ್ಲಿ ಕನ್ನಡಿಗರ ಊಟ

ಚರಿತ್ರೆಯೆಂದರೆ ಅರಸರ ವಂಶಾವಳಿ, ಶಾಸನ, ಯುದ್ಧ, ದಾನದತ್ತಿಗಳ ವಿವರವೆಂದು ನಾವು ಬಹುಕಾಲ ಓದಿಕೊಂಡು ಬಂದಿದ್ದೇವೆ. ಮಕ್ಕಳಿಗೆ ಪಾಠವನ್ನೂ ಹಾಗೆಯೇ ಹೇಳಿದ್ದೇವೆ. ಆದರೆ ಒಂದು ಜನ ದಿನವೂ ಏನನ್ನು ಉಂಡಿತು, ಆ ಊಟವನ್ನು ಕುರಿತು ಕಾಲಕಾಲಕ್ಕೆ ಯಾರು ಯಾವ ತೀರ್ಪು ಕೊಟ್ಟರು ಎಂಬುದಕ್ಕೂ ಒಂದು ಚರಿತ್ರೆಯಿದೆ. ಆ ಚರಿತ್ರೆಯ ಬಹುಮುಖ್ಯವಾದ ಅಧ್ಯಾಯವೊಂದು ನಮ್ಮ ನೀಲಗಿರಿಯ ಕೂನೂರಿನಲ್ಲಿ ನಡೆಯಿತು. ಸಿಮ್ಸ್ ಉದ್ಯಾನದ ಬಳಿಯಲ್ಲಿರುವ ಪಾಶ್ಚರ್ ಸಂಸ್ಥೆಯ ಮುಂದೆ ಹಾದುಹೋಗುವ ಸಾವಿರಾರು ಪ್ರವಾಸಿಗಳಿಗೆ ಇರಲಿ, ಅದೇ ಊರಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿಯೂ ಅನೇಕರಿಗೆ ಇದು ತಿಳಿದಿಲ್ಲ: ಭಾರತದ ಏಳು ಜನವರ್ಗಗಳ ಊಟವನ್ನು ತಕ್ಕಡಿಗೆ ಹಾಕಿ ತೂಗಿದ್ದು ಇಲ್ಲಿ. ಆ ಏಳರಲ್ಲಿ ಒಂದು ಕನ್ನಡಿಗರ ಊಟ.

ಇಂದು ಈ ಸಂಗತಿಯನ್ನು ನೆನೆಯಲು ಕಾರಣವಿದೆ. ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಈಗ ಹಾಲಿನ ಪಾತ್ರೆಯ ಪಕ್ಕದಲ್ಲಿ ಪ್ರೋಟೀನ್ ಪುಡಿಯ ಡಬ್ಬಿಯೊಂದು ಕುಳಿತಿರುತ್ತದೆ. ವ್ಯಾಯಾಮಶಾಲೆಗೆ ಹೋಗುವ ಮೊಮ್ಮಗನಿಗೆ ಒಂದು, ಪರೀಕ್ಷೆಗೆ ಓದುವ ಮೊಮ್ಮಗಳಿಗೆ ಒಂದು, ಮೊಣಕಾಲು ನೋವಿನ ಅಜ್ಜಿಗೆ ಮತ್ತೊಂದು. ಮುದ್ದೆ, ಸಾರು, ಅನ್ನ, ಮಜ್ಜಿಗೆಯ ನಮ್ಮ ಊಟದಲ್ಲಿ ಸತ್ತ್ವವಿಲ್ಲವೆಂಬ ನಂಬಿಕೆ ಮನೆಮನೆಯಲ್ಲಿಯೂ ಬೇರೂರುತ್ತಿದೆ. ಈ ನಂಬಿಕೆ ಎಲ್ಲಿಂದ ಬಂತು, ಅದರಲ್ಲಿ ಎಷ್ಟು ನಿಜ, ಎಷ್ಟು ಪೊಳ್ಳು ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಶಬ್ದದ ಹುಟ್ಟು

‘ಪ್ರೋಟೀನು’ ಎಂಬ ಶಬ್ದಕ್ಕೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ. 1838ರಲ್ಲಿ ಡಚ್ ರಸಾಯನಶಾಸ್ತ್ರಜ್ಞ ಮುಲ್ಡರ್, ಸ್ವೀಡನ್ನಿನ ಬರ್ಜೀಲಿಯಸ್ ಸೂಚಿಸಿದಂತೆ, ಈ ಹೆಸರನ್ನು ಬಳಕೆಗೆ ತಂದನು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ‘ಮೊದಲ ಸ್ಥಾನದ್ದು’ ಎಂಬ ಅರ್ಥ. ನಮ್ಮ ಹಳೆಯ ಪಠ್ಯಪುಸ್ತಕಗಳಲ್ಲಿ ಇದನ್ನು ‘ಸಸಾರಜನಕ’ ಎಂದು ಕರೆದರು. ಸಾರಜನಕವುಳ್ಳದ್ದು ಎಂಬ ಈ ಕನ್ನಡ ಹೆಸರು ಪದಾರ್ಥದ ಗುಣವನ್ನು ಹೇಳುತ್ತದೆ, ಗ್ರೀಕ್ ಹೆಸರು ಅದರ ಪದವಿಯನ್ನು ಹೇಳುತ್ತದೆ. ಹೆಸರಿನಲ್ಲಿಯೇ ಪಟ್ಟ ಕಟ್ಟಿದ್ದರಿಂದಲೋ ಏನೋ, ಮುಂದಿನ ನೂರೈವತ್ತು ವರ್ಷ ಅದಕ್ಕೆ ಅತಿಯಾದ ಮರ್ಯಾದೆ ಸಂದಿತು.

ಜರ್ಮನಿಯ ಪ್ರಖ್ಯಾತ ವಿಜ್ಞಾನಿ ಲೀಬಿಗ್, ಸ್ನಾಯುಗಳ ದುಡಿಮೆಗೆ ಪ್ರೋಟೀನೇ ಇಂಧನವೆಂದು ಬೋಧಿಸಿದನು. 1865ರಲ್ಲಿ ಅವನ ಹೆಸರಿನಲ್ಲಿ ಮಾಂಸಸಾರವನ್ನು ತಯಾರಿಸಿ ಮಾರುವ ಕಂಪನಿಯೊಂದು ಲಂಡನ್ನಿನಲ್ಲಿ ಸ್ಥಾಪನೆಯಾಯಿತು. ದಕ್ಷಿಣ ಅಮೆರಿಕದಲ್ಲಿ ದನದ ಮಾಂಸವನ್ನು ಕುದಿಸಿ ಬತ್ತಿಸಿದ ಆ ಕಪ್ಪು ಸಾರ ಯುರೋಪಿನ ಮನೆಮನೆಗೂ ಶಕ್ತಿವರ್ಧಕವಾಗಿ ತಲುಪಿತು; ಅದರಲ್ಲಿ ಮಾಂಸದ ಪ್ರೋಟೀನು ಬಹುಮಟ್ಟಿಗೆ ಉಳಿದಿರಲೇ ಇಲ್ಲವೆಂಬುದು ಆಮೇಲೆ ತಿಳಿಯಿತು. ಡಬ್ಬಿಯಲ್ಲಿ ಬಲವನ್ನು ಮಾರುವ ವ್ಯಾಪಾರ ಎಷ್ಟು ಹಳೆಯದೆಂಬುದಕ್ಕೆ ಇದೊಂದು ನಿದರ್ಶನ.

ಬೆಟ್ಟದ ಮೇಲೆ ಬಾಳುವ ನಮಗೆ ಪ್ರಿಯವಾಗುವ ಪ್ರಯೋಗವೊಂದು ಅದೇ 1865ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆಯಿತು. ಫಿಕ್ ಮತ್ತು ವಿಸ್ಲಿಸೇನಸ್ ಎಂಬ ಇಬ್ಬರು ಪ್ರಾಧ್ಯಾಪಕರು ಪ್ರೋಟೀನಿಲ್ಲದ ಆಹಾರವನ್ನಷ್ಟೇ ತೆಗೆದುಕೊಂಡು ಫೌಲ್‌ಹಾರ್ನ್ ಪರ್ವತವನ್ನು ಏರಿದರು. ತಮ್ಮ ಮೂತ್ರದಲ್ಲಿದ್ದ ಸಾರಜನಕವನ್ನು ಅಳೆದು, ಏರಲು ಬೇಕಾದ ಶಕ್ತಿಯ ಬಹುಪಾಲು ಪ್ರೋಟೀನಿನಿಂದ ಬಂದಿರಲು ಸಾಧ್ಯವಿಲ್ಲವೆಂದು ಲೆಕ್ಕಹಾಕಿ ತೋರಿಸಿದರು. ದುಡಿಮೆಗೆ ಇಂಧನ ಧಾನ್ಯದಿಂದ, ಕೊಬ್ಬಿನಿಂದ. ದೇಹವನ್ನು ಕಟ್ಟುವುದಕ್ಕೂ ಸವೆದದ್ದನ್ನು ತುಂಬುವುದಕ್ಕೂ ಪ್ರೋಟೀನು ಎಂಬ ವಿವೇಕ ಅಲ್ಲಿಂದ ಮೊದಲಾಯಿತು. ಆದರೂ ಮ್ಯೂನಿಕ್‌ನ ಫೋಯ್ಟ್ ಎಂಬ ವಿದ್ವಾಂಸ ದುಡಿಯುವ ಗಂಡಸಿಗೆ ದಿನಕ್ಕೆ 118 ಗ್ರಾಂ ಪ್ರೋಟೀನು ಬೇಕೆಂದು ಸಾರಿದ ಮಾತು ಬಹುಕಾಲ ವೇದವಾಕ್ಯದಂತೆ ನಡೆಯಿತು. 1904ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚಿಟ್ಟೆಂಡನ್, ಪ್ರಾಧ್ಯಾಪಕರು, ಸೈನಿಕರು, ಕ್ರೀಡಾಪಟುಗಳ ಮೇಲೆ ತಿಂಗಳುಗಟ್ಟಲೆ ಪ್ರಯೋಗ ನಡೆಸಿ, ಅದರ ಅರ್ಧದಷ್ಟರಲ್ಲಿ ಮನುಷ್ಯ ಆರೋಗ್ಯವಾಗಿಯೂ ಬಲಿಷ್ಠನಾಗಿಯೂ ಇರಬಲ್ಲನೆಂದು ತೋರಿಸಿದನು.

ಈ ವಾದ ಭಾರತಕ್ಕೆ ಬಂದಾಗ ಅದಕ್ಕೆ ಆಳುವವರ ಬಣ್ಣವೂ ಸೇರಿಕೊಂಡಿತು. ಕಲ್ಕತ್ತದ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದ ಮೆಕೇ, ಬಂಗಾಳದ ಸೆರೆಮನೆಗಳ ಊಟವನ್ನು ಪರೀಕ್ಷಿಸಿ, 1912ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಅನ್ನ ಉಣ್ಣುವ ಜನರ ದೇಹಬಲದ ಕೊರತೆಗೆ ಪ್ರೋಟೀನಿನ ಅಭಾವವೇ ಕಾರಣವೆಂದು ವಾದಿಸಿದನು. ಯಾರು ಸೈನ್ಯಕ್ಕೆ ಯೋಗ್ಯರು, ಯಾರು ಅಲ್ಲ ಎಂದು ಜನಗಳನ್ನು ವಿಂಗಡಿಸುತ್ತಿದ್ದ ಕಾಲ ಅದು. ಬಡತನ, ಜ್ವರ, ಕೊಕ್ಕೆಹುಳು ಇವೆಲ್ಲ ಮರೆಯಾಗಿ ಊಟದ ತಟ್ಟೆಯೊಂದೇ ಅಪರಾಧಿಯ ಸ್ಥಾನದಲ್ಲಿ ನಿಂತಿತು.

ಕೂನೂರಿನ ಒಂದು ಕೋಣೆ

ಕೂನೂರಿನ ಪಾಶ್ಚರ್ ಸಂಸ್ಥೆ 1907ರಲ್ಲಿ ಹುಚ್ಚುನಾಯಿ ಕಡಿತದ ಚಿಕಿತ್ಸೆಗಾಗಿ ಆರಂಭವಾಯಿತು. 1918ರಲ್ಲಿ ಅಲ್ಲಿನ ಒಂದು ಕೋಣೆಯಲ್ಲಿ ಬೆರಿಬೆರಿ ರೋಗದ ಸಂಶೋಧನೆಗೆ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯನು ನಿಯುಕ್ತನಾದನು. ಐರ್ಲೆಂಡಿನಲ್ಲಿ ಹುಟ್ಟಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿ, ಗಿಲ್ಗಿಟ್ ಸೀಮೆಯಲ್ಲಿ ಗಳಗಂಡ ರೋಗವನ್ನು ಅಧ್ಯಯನ ಮಾಡಿದ್ದವನು ಆತ. 1923ರಲ್ಲಿ ಸರ್ಕಾರ ವೆಚ್ಚ ಕಡಿತದ ಹೆಸರಿನಲ್ಲಿ ಈ ಕಾರ್ಯವನ್ನೇ ನಿಲ್ಲಿಸಿತು; 1925ರಲ್ಲಿ ಮತ್ತೆ ಆರಂಭಿಸಿತು. ಕೆಲವೇ ವರ್ಷಗಳಲ್ಲಿ ಆ ಒಂದು ಕೋಣೆ ಬೆಳೆದು ‘ಆಹಾರ ಸಂಶೋಧನಾಲಯ’ವಾಯಿತು. 1928ರಲ್ಲಿ ಮೆಕ್ಯಾರಿಸನ್ ಭಾರತದ ಶಾಲೆ ಕಾಲೇಜುಗಳಿಗೆಂದು ಆಹಾರವನ್ನು ಕುರಿತ ಚಿಕ್ಕ ಕೈಪಿಡಿಯೊಂದನ್ನು ಬರೆದನು. ಸಂಶೋಧಕನೊಬ್ಬ ಪಾಠದ ಪುಸ್ತಕ ಬರೆಯುವಷ್ಟು ಕೆಳಗಿಳಿದು ಬಂದದ್ದು ಉಪಾಧ್ಯಾಯವೃತ್ತಿಯವರಾದ ನಮಗೆ ಮೆಚ್ಚಿಕೆಯ ಸಂಗತಿ.

ಬೆರಿಬೆರಿಯ ಮೂಲ ಯಂತ್ರದಲ್ಲಿ ಹೊಳಪು ಕೊಟ್ಟ ಅಕ್ಕಿಯಲ್ಲಿದೆ. ತೌಡಿನೊಡನೆ ಜೀವಸತ್ತ್ವವೂ ಹಾರಿಹೋಗುತ್ತದೆ. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟುವ ಕುಚ್ಚಲಕ್ಕಿಯಲ್ಲಿ ಆ ಸತ್ತ್ವ ಕಾಳಿನ ಒಳಕ್ಕೆ ಇಳಿದು ಉಳಿಯುತ್ತದೆ. ಕಾಸರಗೋಡಿನ ನಮ್ಮ ಬಂಧುಗಳು ಬೆಳಗಿನ ಗಂಜಿಗೆ ಇಟ್ಟುಕೊಂಡು ಬಂದಿರುವ ಕುಚ್ಚಲಕ್ಕಿಯ ಮಹತ್ತ್ವ ಇಂತಹ ಸಂಶೋಧನೆಗಳಿಂದ ಜಗತ್ತಿಗೆ ತಿಳಿಯಿತು.

ಏಳು ಗೂಡುಗಳು

ಈಗ ನಮ್ಮ ಕಥೆಯ ಮುಖ್ಯ ಭಾಗಕ್ಕೆ ಬರೋಣ. ಮೆಕ್ಯಾರಿಸನ್ ಒಂದೇ ವಯಸ್ಸಿನ, ಒಂದೇ ತೂಕದ ಎಳೆಯ ಇಲಿಗಳನ್ನು ಏಳು ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೆ ಭಾರತದ ಒಂದೊಂದು ಜನವರ್ಗದ ಊಟವನ್ನು ಕೊಟ್ಟು ಬೆಳೆಸಿದನು. ಕೊನೆಯಲ್ಲಿ ಅವುಗಳ ಸರಾಸರಿ ತೂಕ ಹೀಗಿತ್ತು: ಸಿಖ್ಖರ ಊಟ ಉಂಡವು 235 ಗ್ರಾಂ, ಪಠಾಣರದು 230, ಮರಾಠರದು 225, ಗೂರ್ಖರದು 200, ಕನ್ನಡಿಗರದು 185, ಬಂಗಾಳಿಗಳದು 180, ಮದರಾಸಿನವರದು 155. ‘ಕೆನರೀಸ್’ ಎಂದು ಬರೆದ ನಮ್ಮ ಗೂಡಿಗೆ ಏಳರಲ್ಲಿ ಐದನೆಯ ಸ್ಥಾನ. 1936ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್‌ನಲ್ಲಿ ಮೆಕ್ಯಾರಿಸನ್ ಮಾಡಿದ ಉಪನ್ಯಾಸಗಳಿಂದ ಈ ಪ್ರಯೋಗ ಲೋಕಪ್ರಸಿದ್ಧವಾಯಿತು.

ಅಂಕಿಗಳನ್ನು ನೋಡಿ ಕುಗ್ಗುವ ಮೊದಲು ಎರಡು ಮಾತುಗಳನ್ನು ಯೋಚಿಸಬೇಕು. ಮೊದಲನೆಯದು, ಗೆದ್ದ ಗೂಡಿನ ತಟ್ಟೆಯಲ್ಲಿ ಏನಿತ್ತು? ಆಗ ತಾನೆ ಬೀಸಿದ ಇಡೀ ಗೋಧಿಯ ಚಪಾತಿ, ಬೆಣ್ಣೆ, ಹಾಲು, ಮೊಳಕೆ ಬರಿಸಿದ ಕಡಲೆ, ಹಸಿ ತರಕಾರಿ. ಮಾಂಸ ವಾರಕ್ಕೊಮ್ಮೆ ಮಾತ್ರ. ಇದರಲ್ಲಿ ಯಾವ ಸಾರವೂ ಇರಲಿಲ್ಲ, ಪುಡಿಯೂ ಇರಲಿಲ್ಲ. ಸೋತ ಗೂಡುಗಳಲ್ಲಿ ಕಡಮೆಯಿದ್ದದ್ದು ಪ್ರೋಟೀನೊಂದೇ ಅಲ್ಲ; ಹಾಲು, ಸೊಪ್ಪು, ತೌಡುಳ್ಳ ಧಾನ್ಯ ಎಲ್ಲವೂ ಕಡಮೆ. ಬಿಳಿಯ ಅಕ್ಕಿಯೇ ತಟ್ಟೆಯನ್ನು ತುಂಬಿದಂತೆಲ್ಲ ಇಲಿಯ ತೂಕ ಇಳಿಯುತ್ತ ಹೋಯಿತು. ಸಂಶೋಧಕನು ಎತ್ತಿ ಹೇಳಿದ ಪಾಠವೂ ಇದೇ: ಇಡೀ ಧಾನ್ಯ, ಹಾಲು, ಕಾಳು, ಹಸಿರು.

ಎರಡನೆಯದು, ಕನ್ನಡಿಗರ ಊಟವೆಂದು ಒಂದೇ ಊಟವನ್ನು ಹೆಸರಿಸಲು ಸಾಧ್ಯವೆ? ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನ ಕನ್ನಡಿಗರು ಜೋಳದ ರೊಟ್ಟಿಗೆ ಶೇಂಗಾ ಚಟ್ನಿ, ಜುಣಕ, ಮೊಳಕೆ ಕಾಳಿನ ಪಲ್ಯವನ್ನು ಹಚ್ಚಿಕೊಳ್ಳುವವರು. ಮಡಕಶಿರ, ಹೊಸೂರು, ತಾಳವಾಡಿಯ ಕಡೆ ರಾಗಿಮುದ್ದೆಗೆ ಹುರುಳಿಯ ಸಾರೋ ಅವರೆಯ ಸಾರೋ ಆಗಬೇಕು. ಕಾಸರಗೋಡಿನಲ್ಲಿ ಕುಚ್ಚಲಕ್ಕಿಯ ಗಂಜಿಗೆ ಹುರುಳಿಯ ಚಟ್ನಿ. ಮೀನು ಉಣ್ಣುವವರಿಗೆ ಮೀನು. ಈ ಬೆಟ್ಟದಲ್ಲಿಯೇ ಬಡಗರ ಮನೆಗಳಲ್ಲಿ ರಾಗಿಯ ಹಿಟ್ಟಿನೊಡನೆ ಅವರೆಯ ಉದಕ. ಇಷ್ಟು ಬಗೆಯ ಊಟಗಳನ್ನು ಒಂದು ಗೂಡಿನ ಇಲಿಗಳಿಗೆ ಉಣಿಸಲಾಗದು. ಇಲಿಯು ಎಳೆತನದಲ್ಲಿ ಮನುಷ್ಯಶಿಶುವಿಗಿಂತ ಬಹು ವೇಗವಾಗಿ ಬೆಳೆಯುವ ಪ್ರಾಣಿಯೆಂಬುದೂ, ಆದ್ದರಿಂದ ಅದಕ್ಕೆ ಬೇಕಾಗುವ ಪ್ರೋಟೀನಿನ ಪ್ರಮಾಣ ನಮಗಿಂತ ಹೆಚ್ಚೆಂಬುದೂ ನೆನಪಿನಲ್ಲಿರಬೇಕು.

ಬುಲೆಟಿನ್ 23

1935ರಲ್ಲಿ ಮೆಕ್ಯಾರಿಸನ್ ನಿವೃತ್ತನಾದ ಮೇಲೆ ಆಕ್ರಾಯ್ಡ್ ನಿರ್ದೇಶಕನಾಗಿ ಬಂದನು. ಪ್ರಯೋಗಶಾಲೆಯ ಗಮನ ಇಲಿಯ ಗೂಡಿನಿಂದ ಮನುಷ್ಯರ ಅಡುಗೆಮನೆಯ ಕಡೆಗೆ ತಿರುಗಿದ್ದು ಆಗ. ಭಾರತದ ಆಹಾರಪದಾರ್ಥಗಳನ್ನು ಒಂದೊಂದಾಗಿ ತರಿಸಿ, ಪ್ರತಿಯೊಂದರಲ್ಲಿ ಪ್ರೋಟೀನೆಷ್ಟು, ಕೊಬ್ಬೆಷ್ಟು, ಸುಣ್ಣವೆಷ್ಟು, ಕಬ್ಬಿಣವೆಷ್ಟು ಎಂದು ಅಳೆದು, 1937ರಲ್ಲಿ ‘ಹೆಲ್ತ್ ಬುಲೆಟಿನ್ 23’ ಎಂಬ ಪುಟ್ಟ ಪುಸ್ತಿಕೆಯನ್ನು ಹೊರತಂದರು. ರಾಗಿಯಲ್ಲಿ ಸುಣ್ಣದ ಅಂಶ ಅಕ್ಕಿ ಗೋಧಿಗಳಿಗಿಂತ ಅನೇಕ ಪಟ್ಟು ಹೆಚ್ಚೆಂಬ ಸಂಗತಿ, ಬಡವರ ಕಾಳೆಂದು ಕಡೆಗಣಿಸಿದ ಹುರುಳಿಯಲ್ಲಿ ನೂರಕ್ಕೆ ಇಪ್ಪತ್ತೆರಡು ಪಾಲು ಪ್ರೋಟೀನೆಂಬ ಸಂಗತಿ ಇಂತಹ ಕೋಷ್ಟಕಗಳಿಂದ ಮನೆಮಾತಾದವು. ಪರಿಷ್ಕಾರಗೊಳ್ಳುತ್ತ ಬಂದ ಈ ಪುಸ್ತಿಕೆಯ ಸಂತತಿ ಇಂದಿಗೂ ಆಹಾರಶಾಸ್ತ್ರದ ವಿದ್ಯಾರ್ಥಿಗಳ ಕೈಯಲ್ಲಿದೆ.

ಈ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದವರಲ್ಲಿ ಕಮಲಾ ಸೊಹೋನಿಯವರನ್ನು ನಾವು ವಿಶೇಷವಾಗಿ ಸ್ಮರಿಸಬೇಕು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣದಿಂದ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಮೊದಲು ಪ್ರವೇಶ ನಿರಾಕರಿಸಿದರು. ಆಕೆ ಹಟ ಹಿಡಿದ ಮೇಲೆ ಒಂದು ವರ್ಷ ಪರೀಕ್ಷಾರ್ಥವಾಗಿ ಸೇರಿಸಿಕೊಂಡರು. ಅಲ್ಲಿ ಅವರು ಅಧ್ಯಯನ ಮಾಡಿದ ವಿಷಯ ಹಾಲು, ಬೇಳೆ, ಕಾಳುಗಳ ಪ್ರೋಟೀನು. ಮುಂದೆ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದು, ವಿಜ್ಞಾನದಲ್ಲಿ ಆ ಪದವಿ ಗಳಿಸಿದ ಮೊದಲ ಭಾರತೀಯ ಮಹಿಳೆಯರ ಸಾಲಿನಲ್ಲಿ ನಿಂತು, ಹಿಂದಿರುಗಿ ಬಂದ ಮೇಲೆ ಕೂನೂರಿನಲ್ಲಿ ಸಹಾಯಕ ನಿರ್ದೇಶಕಿಯಾಗಿ ದುಡಿದರು. ನಮ್ಮ ಅಜ್ಜಿಯರು ದಿನವೂ ಆರಿಸಿ ನೆನೆಹಾಕುತ್ತಿದ್ದ ಕಾಳನ್ನು ಸೂಕ್ಷ್ಮದರ್ಶಿಯಷ್ಟೇ ಶ್ರದ್ಧೆಯಿಂದ ನೋಡಿದ ವಿದ್ವಾಂಸೆ ಆಕೆ.

1958ರಲ್ಲಿ ಪ್ರಯೋಗಶಾಲೆ ಹೈದರಾಬಾದಿಗೆ ಸ್ಥಳಾಂತರಗೊಂಡಿತು. 1969ರಲ್ಲಿ ‘ರಾಷ್ಟ್ರೀಯ ಪೋಷಣ ಸಂಸ್ಥೆ’ ಎಂಬ ಹೆಸರು ಪಡೆಯಿತು. ಕೂನೂರಿನ ಒಂದು ಕೋಣೆಯ ಬೀಜ ಅಲ್ಲಿ ಮರವಾಗಿದೆ.

ಕೊರತೆಯ ಕೂಗು

ಎರಡನೆಯ ಮಹಾಯುದ್ಧದ ನಂತರ ಜಗತ್ತಿನ ತುಂಬ ಒಂದೇ ಕೂಗೆದ್ದಿತು: ಬಡದೇಶಗಳಿಗೆ ಪ್ರೋಟೀನಿನ ಕೊರತೆ. ಅದಕ್ಕೆ ಹಿನ್ನೆಲೆಯಿತ್ತು. 1930ರ ದಶಕದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿ ಮೈ ಊದಿಕೊಂಡು ಸಾಯುತ್ತಿದ್ದ ಮಕ್ಕಳ ರೋಗವನ್ನು ವಿವರಿಸಿ, ಅಲ್ಲಿಯ ಜನರ ಮಾತಿನಲ್ಲಿದ್ದ ‘ಕ್ವಾಶಿಯೋರ್ಕರ್’ ಎಂಬ ಹೆಸರನ್ನು ವೈದ್ಯಗ್ರಂಥಗಳಿಗೆ ತಂದಿದ್ದಳು. ತಾಯಿಗೆ ಮತ್ತೊಂದು ಮಗು ಹುಟ್ಟಿದಾಗ ಎದೆಹಾಲಿನಿಂದ ದೂರವಾದ ಮಗುವಿಗೆ ಬರುವ ರೋಗವದು. ಪ್ರೋಟೀನಿನ ಅಭಾವವೇ ಇದಕ್ಕೆ ಕಾರಣವೆಂದು ತೀರ್ಮಾನಿಸಿ, ವಿಶ್ವಸಂಸ್ಥೆಯ ಅಂಗಗಳು ಸಲಹಾಮಂಡಲಿಯನ್ನು ರಚಿಸಿದವು. ಅಮೆರಿಕದಲ್ಲಿ ಮಿಕ್ಕಿದ ಕೆನೆ ತೆಗೆದ ಹಾಲಿನ ಪುಡಿ ಹಡಗುಗಳಲ್ಲಿ ಬಂದಿಳಿಯಿತು. ಶಾಲೆಯ ಅಂಗಳದಲ್ಲಿ ಸಾಲಾಗಿ ಕುಳಿತು ಆ ಹಾಲನ್ನು ಕುಡಿದ ನಮ್ಮ ತಲೆಮಾರಿನವರಿಗೆ ಅದರ ವಾಸನೆ ಇನ್ನೂ ಮರೆತಿಲ್ಲ. 1968ರಲ್ಲಿ ವಿಶ್ವಸಂಸ್ಥೆಯೇ ‘ಸನ್ನಿಹಿತವಾಗಿರುವ ಪ್ರೋಟೀನ್ ಬಿಕ್ಕಟ್ಟು’ ಎಂದು ಎಚ್ಚರಿಸುವ ವರದಿಯನ್ನು ಪ್ರಕಟಿಸಿತು.

ಈ ಕೂಗಿಗೆ ನಮ್ಮ ನಾಡು ಕೊಟ್ಟ ಉತ್ತರ ಗೌರವಯುತವಾದದ್ದು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯ, ವಿ. ಸುಬ್ರಹ್ಮಣ್ಯನ್ ಅವರ ನಾಯಕತ್ವದಲ್ಲಿ, ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮೂರು ಪಾಲು, ಹುರಿದ ಕಡಲೆಹಿಟ್ಟು ಒಂದು ಪಾಲು ಸೇರಿಸಿ, ಜೀವಸತ್ತ್ವ ಮತ್ತು ಸುಣ್ಣವನ್ನು ಬೆರೆಸಿ ‘ವಿವಿಧೋದ್ದೇಶ ಆಹಾರ’ವನ್ನು ತಯಾರಿಸಿತು. ಹೊರದೇಶದ ಹಾಲಿನ ಪುಡಿಗೆ ಕಾಯದೆ ನಮ್ಮ ಹೊಲದ ಬೆಳೆಯಿಂದಲೇ ಮಕ್ಕಳನ್ನು ಪೋಷಿಸಬಹುದೆಂಬ ಆತ್ಮವಿಶ್ವಾಸ ಅದರಲ್ಲಿತ್ತು. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಸಲು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತು, ಅಫ್ಲಟಾಕ್ಸಿನ್ ಎಂಬ ವಿಷ ಪತ್ತೆಯಾದ ಮೇಲೆ, ಕಡಲೆಕಾಯಿಯನ್ನು ಎಚ್ಚರಿಕೆಯಿಂದ ಒಣಗಿಸಿ ಆರಿಸಬೇಕೆಂಬ ಅರಿವೂ ಬಂತು. ಮುಗ್ಗಿದ ಕಾಯಿಯನ್ನು ಎಸೆಯಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತಿಗೆ ವಿಜ್ಞಾನದ ಮುದ್ರೆ ಬಿತ್ತು.

ಆದರೆ ಕೂಗಿನ ಬುಡವನ್ನೇ ಅಲುಗಿಸಿದವರು ಕೂನೂರಿನ ಪರಂಪರೆಯಿಂದಲೇ ಬಂದರು. ಹೈದರಾಬಾದಿನಲ್ಲಿ ಸಿ. ಗೋಪಾಲನ್, ಒಂದೇ ಕೇರಿಯಲ್ಲಿ ಒಂದೇ ಬಗೆಯ ಊಟ ಉಣ್ಣುವ ಮಕ್ಕಳಲ್ಲಿ ಕೆಲವರಿಗೆ ಮೈ ಊದುವ ರೋಗವೂ ಕೆಲವರಿಗೆ ಒಣಗಿ ಸೊರಗುವ ರೋಗವೂ ಬರುವುದನ್ನು ಗಮನಿಸಿ, ಇವೆರಡಕ್ಕೂ ಪ್ರೋಟೀನಿನ ಪ್ರಮಾಣದಲ್ಲಿ ವ್ಯತ್ಯಾಸವಿಲ್ಲವೆಂದು 1968ರಲ್ಲಿ ಬರೆದರು. ಗೋಪಾಲನ್ ಮತ್ತು ಅವರ ಸಂಗಡಿಗರು ಹೈದರಾಬಾದಿನ ಸುತ್ತಲ ಹಳ್ಳಿಗಳ ಮಕ್ಕಳಿಗೆ ಹದಿನಾಲ್ಕು ತಿಂಗಳ ಕಾಲ ಗೋಧಿಹಿಟ್ಟು, ಸಕ್ಕರೆ, ಎಣ್ಣೆ ಸೇರಿಸಿದ ತಿಂಡಿಯನ್ನು ಕೊಟ್ಟರು. ಅದರಲ್ಲಿ 310 ಕ್ಯಾಲೊರಿ ಶಕ್ತಿಯಿತ್ತು; ಪ್ರೋಟೀನು ಕೇವಲ 3 ಗ್ರಾಂ. ಆದರೂ ಆ ಮಕ್ಕಳು ಎತ್ತರದಲ್ಲಿಯೂ ತೂಕದಲ್ಲಿಯೂ ಇತರ ಮಕ್ಕಳನ್ನು ಮೀರಿ ಬೆಳೆದರು. ಮಕ್ಕಳಿಗೆ ಕಡಮೆಯಾಗಿದ್ದದ್ದು ಊಟವೇ! ಹೊಟ್ಟೆ ತುಂಬದಿದ್ದರೆ ದೇಹವು ತಿಂದ ಪ್ರೋಟೀನನ್ನೂ ಒಲೆಗೆ ಹಾಕಿ ಉರಿಸಿಬಿಡುತ್ತದೆ. ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆಯವರೂ ಅಂಕಿ ಅಂಶಗಳ ದಾರಿಯಿಂದ ಇದೇ ನಿರ್ಣಯಕ್ಕೆ ಬಂದರು. 1974ರಲ್ಲಿ ಮೆಕ್‌ಲಾರೆನ್ ಎಂಬ ವೈದ್ಯನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಡೀ ಪ್ರಕರಣವನ್ನು ‘ಮಹಾ ಪ್ರೋಟೀನ್ ಪ್ರಮಾದ’ವೆಂದು ಕರೆದನು.

ಹೊಲದಲ್ಲಿಯೇ ಇದ್ದ ವಿದ್ಯೆ

ಹಾಗಾದರೆ ಧಾನ್ಯ ಮತ್ತು ಕಾಳುಗಳ ಊಟದಲ್ಲಿ ಪ್ರೋಟೀನಿನ ಗುಣಮಟ್ಟ ಕಡಮೆಯೆಂಬ ಆಕ್ಷೇಪಕ್ಕೆ ಉತ್ತರವೇನು? ಪ್ರೋಟೀನು ಅಮೈನೋ ಆಮ್ಲಗಳೆಂಬ ಇಟ್ಟಿಗೆಗಳಿಂದ ಕಟ್ಟಿದ ಗೋಡೆ. ಅಕ್ಕಿ, ರಾಗಿ, ಜೋಳ, ಗೋಧಿಗಳಲ್ಲಿ ಲೈಸೀನ್ ಎಂಬ ಇಟ್ಟಿಗೆ ಸಾಲದು. ಮಿಥಿಯೋನೀನ್ ತಕ್ಕಮಟ್ಟಿಗೆ ಇದೆ. ತೊಗರಿ, ಅವರೆ, ಹುರುಳಿ, ಹೆಸರುಗಳಲ್ಲಿ ಲೈಸೀನ್ ಧಾರಾಳ, ಮಿಥಿಯೋನೀನ್ ಸಾಲದು. ಎರಡನ್ನೂ ಒಟ್ಟಿಗೆ ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆಕಾಳು ಸೇರಿದರೆ ಗುಣಮಟ್ಟ ಬಹಳ ಉತ್ತಮವಾಗುತ್ತದೆ. ಜೊತೆಗೆ ಸ್ವಲ್ಪ ಹಾಲೋ ಮೊಸರೋ ಬಂದರೆ ಮಿಕ್ಕ ಕೊರತೆಯೂ ನೀಗುತ್ತದೆ.

ಇಡ್ಲಿಯಲ್ಲಿ ಅಕ್ಕಿಗೆ ಉದ್ದು, ಹುಗ್ಗಿಯಲ್ಲಿ ಅಕ್ಕಿಗೆ ಹೆಸರುಬೇಳೆ, ಹೋಳಿಗೆಯ ಕಣಕಕ್ಕೆ ಕಡಲೆಬೇಳೆಯ ಹೂರಣ, ಮುದ್ದೆಗೆ ಹುರುಳಿ, ರೊಟ್ಟಿಗೆ ಜುಣಕ – ಈ ಜೋಡಿಗಳನ್ನು ಯಾವ ಪ್ರಯೋಗಶಾಲೆಯೂ ಗೊತ್ತುಮಾಡಲಿಲ್ಲ. ಅಡುಗೆಯ ಶಾಸ್ತ್ರಕ್ಕೆ ನಮ್ಮ ಹಿರಿಯರು ಕೊಟ್ಟ ಹೆಸರೇ ‘ಸೂಪಶಾಸ್ತ್ರ’. ಸೂಪವೆಂದರೆ ಬೇಳೆಯ ತೊವ್ವೆ. ಮೂರನೆಯ ಮಂಗರಸನ ಕನ್ನಡ ಪಾಕಗ್ರಂಥಕ್ಕೂ ಅದೇ ಹೆಸರು.

ಅಡುಗೆಮನೆಗೆ ಬರುವ ಮೊದಲೇ ಈ ಜೋಡಿ ಹೊಲದಲ್ಲಿ ಕೂಡಿಕೊಂಡಿತ್ತು. ರಾಗಿಯ ಹೊಲದಲ್ಲಿ ಕೆಲವು ಸಾಲುಗಳಿಗೊಮ್ಮೆ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಬಿತ್ತುವ ಅಕ್ಕಡಿ ಸಾಲಿನ ಪದ್ಧತಿ ನಮ್ಮ ಬಯಲುಸೀಮೆಯ ಹಳೆಯ ವಿದ್ಯೆ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕನನ್, ರಾಗಿಯ ನಡುವೆ ಅವರೆ ತೊಗರಿಗಳ ಸಾಲುಗಳಿರುವುದನ್ನು ತನ್ನ ಪ್ರವಾಸಗ್ರಂಥದಲ್ಲಿ ದಾಖಲಿಸಿದ್ದಾನೆ. ಕಾಳಿನ ಗಿಡದ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಹಿಡಿದುಕೊಡುತ್ತವೆ. ಅದೇ ಸಾರಜನಕ ಕಾಳಿನಲ್ಲಿ ಸಸಾರಜನಕವಾಗುತ್ತದೆ. ರಾಗಿಗೆ ಗೊಬ್ಬರ, ದನಕ್ಕೆ ಹೊಟ್ಟು, ಮನೆಗೆ ಕಾಳು. ಕನಕದಾಸರ ‘ರಾಮಧಾನ್ಯಚರಿತ್ರೆ’ಯಲ್ಲಿ ಭತ್ತಕ್ಕೂ ರಾಗಿಗೂ ನಡೆಯುವ ವಾದದಲ್ಲಿ ಆರು ತಿಂಗಳ ಸೆರೆಯನ್ನು ತಾಳಿಕೊಂಡು ಗೆದ್ದದ್ದು ರಾಗಿ. ಆ ಗೆಲುವಿನಲ್ಲಿ ಪಕ್ಕದ ಸಾಲಿನ ಅವರೆಗೂ ಪಾಲುಂಟೆಂದು ನಾವು ಸೇರಿಸಿಕೊಳ್ಳಬಹುದು.

ತಟ್ಟೆಯಿಂದ ಕಾಳು ಸರಿದದ್ದು

ಇಷ್ಟು ಹೇಳಿ, ನಮ್ಮ ಊಟದಲ್ಲಿ ಯಾವ ಕುಂದೂ ಇಲ್ಲವೆಂದು ಬೆನ್ನು ತಟ್ಟಿಕೊಂಡರೆ ಅದು ಸತ್ಯಕ್ಕೆ ಮಾಡುವ ಅಪಚಾರ. ಹಸಿರು ಕ್ರಾಂತಿ ಗೋಧಿ ಮತ್ತು ಭತ್ತವನ್ನು ಹೆಚ್ಚಿಸಿ ನಮ್ಮನ್ನು ಕ್ಷಾಮದಿಂದ ಕಾಪಾಡಿತು. ಆದರೆ ಕಾಳಿನ ಬೆಳೆ ಜನಸಂಖ್ಯೆಯ ಜೊತೆಗೆ ಬೆಳೆಯಲಿಲ್ಲ. ದೇಶದಲ್ಲಿ ತಲೆಗೆ ದಿನವೊಂದಕ್ಕೆ ದೊರೆಯುತ್ತಿದ್ದ ಬೇಳೆಕಾಳು 1961ರಲ್ಲಿ ಸುಮಾರು 69 ಗ್ರಾಂ. 2001ರ ಹೊತ್ತಿಗೆ ಅದು ಸುಮಾರು 30 ಗ್ರಾಂಗೆ ಇಳಿಯಿತು. ಆಮೇಲೆ ಸ್ವಲ್ಪ ಏರಿದ್ದರೂ ಹಳೆಯ ಮಟ್ಟವನ್ನು ಮುಟ್ಟಿಲ್ಲ. ಪಡಿತರದಲ್ಲಿ ಬಿಳಿಯ ಅಕ್ಕಿ ಅಗ್ಗವಾಯಿತು. ಮುದ್ದೆಯ ಮನೆಗಳಲ್ಲಿಯೂ ಅನ್ನ ಬಂತು. ಅಕ್ಕಡಿ ಸಾಲುಗಳು ಅಳಿದವು. ಈ ಬೆಟ್ಟದಲ್ಲಿ ರಾಗಿ, ಸಾಮೆಗಳ ಜಾಗವನ್ನು ಚಹ ಮತ್ತು ತರಕಾರಿ ತುಂಬಿದವು. ಬೇಳೆಯ ಬೆಲೆ ಏರಿದಂತೆ ಸಾರು ತಿಳಿಯಾಯಿತು. ಹಿಂದೆ ಸೌಟಿಗೆ ಕಾಳು ಸಿಗುತ್ತಿದ್ದ ಪಾತ್ರೆಯಲ್ಲಿ ಈಗ ಹುಳಿಯ ನೀರು. ಮೂರಕ್ಕೊಂದರ ಪಾಲು ಹತ್ತಕ್ಕೊಂದಾದರೆ ಹಿರಿಯರ ಜೋಡಿ ಕೆಲಸ ಮಾಡುವುದಿಲ್ಲ. ಕೂನೂರಿನ ತಕ್ಕಡಿ ತೋರಿಸಿದ ಎಚ್ಚರಿಕೆ ಇಂದು ಹೆಚ್ಚು ನಿಜ: ಬಿಳಿಯ ಅಕ್ಕಿಯೇ ತಟ್ಟೆಯನ್ನು ತುಂಬಿದರೆ ದೇಹ ಬಡವಾಗುತ್ತದೆ.

ಈ ಖಾಲಿ ಜಾಗಕ್ಕೆ ಡಬ್ಬಿ ಬಂದು ಕುಳಿತಿತು. ಅದರೊಳಗಿನ ಪುಡಿ ಹೆಚ್ಚಾಗಿ ಗಿಣ್ಣು ತಯಾರಿಸುವಾಗ ಮಿಕ್ಕುವ ಹಾಲೊಡಕಿನ ನೀರಿನಿಂದ ತೆಗೆದದ್ದು. ಒಂದು ಕಾಲಕ್ಕೆ ಹಂದಿಗಳಿಗೆ ಹಾಕುತ್ತಿದ್ದ, ಹೊಳೆಗೆ ಬಿಡುತ್ತಿದ್ದ ಪದಾರ್ಥ. ಅದರ ಪ್ರೋಟೀನು ಒಳ್ಳೆಯ ದರ್ಜೆಯದೇ, ಸುಳ್ಳಲ್ಲ. ಆದರೆ ಅದೇ ಹಾಲಿನ ಪ್ರೋಟೀನು ಮನೆಯ ಮೊಸರಿನಲ್ಲಿಯೂ ಇದೆ. ರಾಷ್ಟ್ರೀಯ ಪೋಷಣ ಸಂಸ್ಥೆ – ಅಂದರೆ ಕೂನೂರಿನ ಆ ಕೋಣೆಯ ವಾರಸುದಾರ ಸಂಸ್ಥೆ – 2024ರಲ್ಲಿ ಪ್ರಕಟಿಸಿದ ಭಾರತೀಯರ ಆಹಾರ ಮಾರ್ಗಸೂಚಿಯಲ್ಲಿ, ಮೈಕಟ್ಟು ಬೆಳೆಸಲು ಪ್ರೋಟೀನ್ ಪುಡಿಗಳನ್ನು ಬಳಸಬಾರದೆಂದು ಸಲಹೆ ಮಾಡಿದೆ.

ಒಂದು ಮನೆಯ ಲೆಕ್ಕ

ನಾವು ಶಾಲೆಯಲ್ಲಿ ಕಲಿಸಿದ ಗಣಿತ ಇಲ್ಲಿ ಉಪಯೋಗಕ್ಕೆ ಬರಲಿ. ಸಂಸ್ಥೆಯ 2020ರ ನಿಗದಿಯಂತೆ ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಸಾಕು. 65 ಕಿಲೋ ತೂಕದ ಗಂಡಸಿಗೆ 54 ಗ್ರಾಂ, 55 ಕಿಲೋ ತೂಕದ ಹೆಂಗಸಿಗೆ 46 ಗ್ರಾಂ. ಈಗ ಹಳೆಯ ಕೋಷ್ಟಕವನ್ನು ತೆರೆದು ಕೂಡೋಣ. ಮುದ್ದೆಗೆ ರಾಗಿಹಿಟ್ಟು 150 ಗ್ರಾಂ – ಪ್ರೋಟೀನು 11 ಗ್ರಾಂ. ಅನ್ನಕ್ಕೋ ದೋಸೆಗೋ ಅಕ್ಕಿ 150 ಗ್ರಾಂ – 10 ಗ್ರಾಂ. ತೊಗರಿಬೇಳೆ 50 ಗ್ರಾಂ – 11 ಗ್ರಾಂ. ಹುರುಳಿ, ಅವರೆ ಅಥವಾ ಹೆಸರುಕಾಳು 30 ಗ್ರಾಂ – 7 ಗ್ರಾಂ. ಹಾಲು ಮೊಸರು ಸೇರಿ ಕಾಲು ಲೀಟರು – 8 ಗ್ರಾಂ. ಕಡಲೆಕಾಯಿ ಬೀಜ ಒಂದು ಸಣ್ಣ ಹಿಡಿ, 20 ಗ್ರಾಂ – 5 ಗ್ರಾಂ. ಒಟ್ಟು 52 ಗ್ರಾಂ. ಹೆಂಗಸರಿಗೆ ಇದು ಸಾಕಾಗಿ ಮಿಗುತ್ತದೆ. ಗಂಡಸರಿಗೆ ಇನ್ನೊಂದು ಹಿಡಿ ಹುರಿಗಡಲೆಯೋ, ತಿನ್ನುವವರಿಗೆ ಒಂದು ಮೊಟ್ಟೆಯೋ ಸೇರಿದರೆ ಲೆಕ್ಕ ಸರಿಹೋಗುತ್ತದೆ. ಮೊಟ್ಟೆಯೊಂದರಲ್ಲಿ ಸುಮಾರು 6 ಗ್ರಾಂ ಇದೆ. ಮೀನು ಮಾಂಸ ಉಣ್ಣುವ ಮನೆಗಳಿಗಂತೂ ಚಿಂತೆಯೇ ಇಲ್ಲ.

ಈ ಲೆಕ್ಕದಲ್ಲಿ ಗಮನಿಸಬೇಕಾದ ಸಂಗತಿ ಕಾಳು ಬೇಳೆಗಳ 80 ಗ್ರಾಂ. ಅದೇ ಕೀಲಿ. ಅದನ್ನು 20ಕ್ಕೆ ಇಳಿಸಿದರೆ ಒಟ್ಟು ಮೊತ್ತ 40ರ ಕೆಳಗೆ ಬೀಳುತ್ತದೆ. ಬಸಿರಿ, ಬಾಣಂತಿಯರಿಗೆ ಇನ್ನೂ ಹೆಚ್ಚು ಬೇಕು. ಹಲ್ಲಿಲ್ಲದ ವಯಸ್ಸಿನಲ್ಲಿ ಗಂಜಿ, ಬ್ರೆಡ್ಡುಗಳಲ್ಲಿ ದಿನ ತಳ್ಳುವ ಹಿರಿಯರಿಗೆ ಈ ಕೊರತೆ ಬೇಗ ತಗಲುತ್ತದೆ. ಅವರಿಗೆ ಮೆತ್ತಗೆ ಬೆಂದ ತೊವ್ವೆ, ಹೆಸರುಬೇಳೆ ಪಾಯಸ, ಗಟ್ಟಿ ಮೊಸರು ಒಗ್ಗುತ್ತವೆ. ಕಾಳನ್ನು ರಾತ್ರಿ ನೆನೆಹಾಕಿ ಮೊಳಕೆ ಬರಿಸಿದರೆ ಬೇಗ ಬೇಯುತ್ತದೆ, ಸುಲಭವಾಗಿ ಅರಗುತ್ತದೆ. ಮೂತ್ರಪಿಂಡದ ರೋಗವಿದ್ದವರು ಮಾತ್ರ ವೈದ್ಯರ ಮಾತನ್ನು ಮೀರಬಾರದು.

ಸರ್ಕಾರಗಳೂ ಈ ದಾರಿಯಲ್ಲಿ ನಡೆದದ್ದನ್ನು ಹೇಳದಿದ್ದರೆ ಚರಿತ್ರೆ ಅಪೂರ್ಣ. ನಮ್ಮ ತಮಿಳುನಾಡಿನಲ್ಲಿ 1956ರಲ್ಲಿ ಕಾಮರಾಜರು ಶಾಲೆಯ ಮಧ್ಯಾಹ್ನದ ಊಟವನ್ನು ಆರಂಭಿಸಿದರು, 1982ರಲ್ಲಿ ಎಂ. ಜಿ. ರಾಮಚಂದ್ರನ್ ಅದನ್ನು ವಿಸ್ತರಿಸಿದರು. 1989ರಲ್ಲಿ ಹದಿನೈದು ದಿನಕ್ಕೊಂದರಂತೆ ಬಂದ ಮೊಟ್ಟೆ ಮುಂದೆ ಶಾಲೆಯ ದಿನಗಳಿಗೆಲ್ಲ ಹಬ್ಬಿತು. ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹ ಬಂತು. ಬಿಸಿಯಾದ ಅನ್ನ, ಬೇಳೆಯ ಸಾರು, ಒಂದು ಮೊಟ್ಟೆ, ಒಂದು ಲೋಟ ಹಾಲು. ಈ ಊಟ ಬಂದ ಮೇಲೆ ಮಧ್ಯಾಹ್ನದ ಪಾಠದಲ್ಲಿ ತಲೆ ತೂಗುವ ಮಕ್ಕಳ ಸಂಖ್ಯೆ ಕಡಮೆಯಾದದ್ದನ್ನು ಈ ವೃತ್ತಿಯಲ್ಲಿದ್ದವರೆಲ್ಲ ಬಲ್ಲೆವು.

ಗಡಿಯಾಚೆ ನೆಲೆಸಿದ ಕನ್ನಡಿಗರಾದ ನಾವು ಭಾಷೆಯನ್ನು ಉಳಿಸಿಕೊಳ್ಳಲು ಸಂಘ ಕಟ್ಟಿದ್ದೇವೆ, ಸಮ್ಮೇಳನ ನಡೆಸುತ್ತಿದ್ದೇವೆ. ಭಾಷೆ ಮೊದಲು ಕಿವಿಗೆ ಬೀಳುವ ಜಾಗಗಳಲ್ಲಿ ಅಡುಗೆಮನೆಯೂ ಒಂದು. ಹುರುಳಿ, ಅಲಸಂದೆ, ಹುಚ್ಚೆಳ್ಳು, ಉಸಲಿ, ಬಸ್ಸಾರು, ಉದಕ ಎಂಬ ಮಾತುಗಳು ತಟ್ಟೆಯಲ್ಲಿ ಉಳಿದರೆ ನಾಲಗೆಯಲ್ಲಿಯೂ ಉಳಿಯುತ್ತವೆ. ಈ ಸಂಚಿಕೆಯನ್ನು ಓದುವ ತಾಯಂದಿರಲ್ಲಿ, ಅವರಷ್ಟೇ ಹೊಣೆಯುಳ್ಳ ತಂದೆಯಂದಿರಲ್ಲಿ ನಮ್ಮದೊಂದು ವಿನಂತಿ: ಮುಂದಿನ ತಿಂಗಳ ಸಾಮಾನಿನ ಪಟ್ಟಿಯನ್ನು ಬರೆಯುವಾಗ ಡಬ್ಬಿಯ ಹಣದಲ್ಲಿ ಎಷ್ಟು ಕಿಲೋ ಕಾಳು, ಎಷ್ಟು ಲೀಟರು ಹಾಲು ಬರುತ್ತದೆಂದು ಮಕ್ಕಳ ಕೈಯಲ್ಲಿಯೇ ಲೆಕ್ಕ ಮಾಡಿಸಿರಿ. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ಎಲ್ಲರೂ ಬಲ್ಲರು. ಬಲ್ಲವನಾಗಲು ಸ್ವಲ್ಪ ಗಣಿತವೂ ಬೇಕು. ಸಾರಿನ ಪಾತ್ರೆಯಲ್ಲಿ ಸೌಟು ಇಳಿಸಿದಾಗ ತಳದಲ್ಲಿ ಕಾಳು ತಗಲುವಂತಿರಲಿ.